ಹಿಮ ಸುರಿಯುವ ದಿನಗಳು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊದಲ ಬಾರಿಗೆ ಹಿಮ ಬೀಳುವ ಊರಿನಲ್ಲಿ ಚಳಿಗಾಲ ಕಳೆಯಲಿರುವವರದ್ದು. ಉತ್ತರಗಳಲ್ಲಿ ಡಿಗ್ರಿ ಎಂದಿರುವಲ್ಲೆಲ್ಲ ಸೆಲ್ಸಿಯಸ್ ಎಂದೇ ಓದಿಕೊಳ್ಳಿ.

ಪ್ರಶ್ನೆ: ಇದ್ದುದರಲ್ಲೇ ದಪ್ಪನೆಯ ಜಾಕೆಟ್ ಕೊಂಡಿದ್ದೇನೆ. ಒಳಗೆ ಹತ್ತಿ ಬನಿಯನ್, ಹತ್ತಿ ಶರ್ಟು. ಇಪ್ಪತ್ತು ನಿಮಿಷ ನಡೆದರೆ ಬೆವರು ಬರುತ್ತದೆ, ಬಸ್ಸಿಗೆಂದು ನಿಂತರೆ ಹಲ್ಲು ಕಟಕಟ ಎನ್ನುತ್ತದೆ. ಇನ್ನೂ ದಪ್ಪದ ಜಾಕೆಟ್ ಬೇಕೇ?

ಬೇಡ. ಜಾಕೆಟ್ ಸರಿಯಾಗಿಯೇ ಇದೆ, ಬದಲಾಗಬೇಕಾದದ್ದು ಬನಿಯನ್. ಹತ್ತಿ ಬೆವರನ್ನು ಹೀರಿ ಮೈಗೆ ಅಂಟಿಸಿಕೊಂಡೇ ಇರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಒದ್ದೆ ಬನಿಯನ್ ತೊಟ್ಟವನಿಗೆ ಎಂಥ ಜಾಕೆಟ್ಟೂ ಸಾಲದು. ನಡೆಯುವಾಗ ಮೈ ಬಿಸಿ ಹುಟ್ಟಿಸುತ್ತಿರುವುದರಿಂದ ಇದು ತಿಳಿಯುವುದಿಲ್ಲ. ನಿಂತ ಕೂಡಲೇ ತಿಳಿಯುತ್ತದೆ.

ಮೈಗೆ ತಾಗುವ ಬಟ್ಟೆ ತೆಳು ಉಣ್ಣೆಯದೋ ಪಾಲಿಯೆಸ್ಟರ್‌ನದೋ ಆಗಿರಲಿ, ಮೈಗೆ ಅಂಟುವಷ್ಟು ಬಿಗಿಯಾಗಿರಲಿ. ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ ಸ್ವೆಟರ್. ಎಲ್ಲಕ್ಕೂ ಮೇಲೆ ಗಾಳಿ ತಡೆಯುವ, ಹಿಮ ಕರಗಿದರೂ ನೀರು ಒಳಬಿಡದ ಜಾಕೆಟ್. ಮನೆಯಿಂದ ಹೊರಡುವಾಗ ‘ಸ್ವಲ್ಪ ಚಳಿಯಾಗುತ್ತಿದೆ’ ಅನ್ನಿಸಿದರೆ ಸರಿಯಾಗಿ ಉಟ್ಟಿದ್ದೀರಿ ಎಂದರ್ಥ. ಹತ್ತು ನಿಮಿಷ ನಡೆದರೆ ಸಮವಾಗುತ್ತದೆ. ಬೆವರು ಬರುವ ಮೊದಲೇ ಜಿಪ್ ಇಳಿಸಿ, ಟೋಪಿ ತೆಗೆಯಿರಿ. ಬಂದ ಮೇಲೆ ತೆಗೆದರೆ ತಡವಾಯಿತು.

ಕಾಲಿನ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. ಎರಡು ಜೊತೆ ಕಾಲುಚೀಲ ತೊಟ್ಟು ಬೂಟಿನೊಳಗೆ ಕಾಲು ತುರುಕಿದರೆ ರಕ್ತ ಓಡಾಡುವುದೇ ಕಷ್ಟ, ಕಾಲು ಇನ್ನಷ್ಟು ತಣ್ಣಗಾಗುತ್ತದೆ. ದಪ್ಪದ ಉಣ್ಣೆಯ ಒಂದೇ ಜೊತೆ ಸಾಕು. ಬೂಟಿನೊಳಗೆ ಬೆರಳುಗಳು ಸಲೀಸಾಗಿ ಆಡುವಂತಿರಲಿ. ಸಂಜೆ ಬೂಟಿನ ಒಳಹಾಸನ್ನು ಹೊರಗೆಳೆದು ಬೇರೆಯಾಗಿ ಒಣಗಿಸಿ. ಬೂಟಿನೊಳಗೆ ಹಳೆಯ ಪತ್ರಿಕೆ ಮುದುರಿ ತುಂಬಿ, ಒಂದು ಗಂಟೆ ಬಿಟ್ಟು ಅದನ್ನು ತೆಗೆದು ಒಣ ಕಾಗದ ತುಂಬಿ. ಮೊದಲು ತೆಗೆದ ಕಾಗದ ಎಷ್ಟು ಮೆತ್ತಗಾಗಿದೆ ಎಂದು ಮುಟ್ಟಿ ನೋಡಿದರೆ ದಿನವಿಡೀ ಕಾಲು ಏಕೆ ಕೊರೆಯುತ್ತಿತ್ತು ಎಂದು ಗೊತ್ತಾಗುತ್ತದೆ. ಹೀಟರಿಗೆ ಒತ್ತಿ ಇಡಬೇಡಿ, ಚರ್ಮ ಬಿರಿಯುತ್ತದೆ, ಅಟ್ಟೆಯ ಅಂಟು ಬಿಡುತ್ತದೆ. ಕೈಗೆ ಐದು ಬೆರಳಿನ ಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗೆ ಇರುವ ಚೀಲದಂಥ ಗವಸು ಬೆಚ್ಚಗೆ.

ಪ್ರಶ್ನೆ: ಮೊಬೈಲಿನಲ್ಲಿ ತಾಪಮಾನ ಮೈನಸ್ 10 ಎಂದಿರುತ್ತದೆ, ಪಕ್ಕದಲ್ಲೇ ‘ಅನ್ನಿಸುವುದು ಮೈನಸ್ 20’ ಎಂದೂ ಇರುತ್ತದೆ. ಯಾವುದನ್ನು ನಂಬಬೇಕು?

ಎರಡೂ ನಿಜ. ಮೊದಲನೆಯದು ಗಾಳಿಯ ತಾಪಮಾನ, ಎರಡನೆಯದು ಬರಿಯ ಚರ್ಮದ ಮೇಲೆ ಗಾಳಿ ಬೀಸಿದಾಗಿನ ಲೆಕ್ಕ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಮುಖಕ್ಕೆ ಮೈನಸ್ 20ರಷ್ಟು ಪೆಟ್ಟು. ಅಮೆರಿಕ ಮತ್ತು ಕೆನಡಾ 2001ರಿಂದ ಬಳಸುತ್ತಿರುವ ಸೂತ್ರದ ಲೆಕ್ಕವಿದು. ಈ ಎರಡನೆಯ ಅಂಕಿ ಮೈನಸ್ 28ಕ್ಕಿಂತ ಕೆಳಗಿಳಿದರೆ 10ರಿಂದ 30 ನಿಮಿಷದಲ್ಲಿ ತೆರೆದ ಚರ್ಮ ಹೆಪ್ಪುಗಟ್ಟಬಹುದು. ನಿಮ್ಮ ಉಡುಪಿಗೆ, ಮಕ್ಕಳನ್ನು ಆಟಕ್ಕೆ ಬಿಡುವುದಕ್ಕೆ ಎರಡನೆಯ ಅಂಕಿ ನೋಡಿ. ಕಾರಿಗೆ, ನೀರಿನ ಪೈಪಿಗೆ ಮೊದಲನೆಯದು: ಗಾಳಿ ಎಷ್ಟೇ ಬೀಸಿದರೂ ನಿರ್ಜೀವ ವಸ್ತು ಮೈನಸ್ 10ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಅಲ್ಲಿಗೆ ಬೇಗ ತಲುಪುತ್ತದೆ ಅಷ್ಟೆ.

ಪ್ರಶ್ನೆ: ತಮ್ಮನ ಬೆರಳ ತುದಿಗಳು ಬೆಳ್ಳಗೆ ಬಿಳಚಿಕೊಂಡು ಮುಟ್ಟಿದ್ದು ತಿಳಿಯದಂತಾಗಿತ್ತು. ಹಿಮದಿಂದಲೇ ಉಜ್ಜಬೇಕು ಎಂದರು ಒಬ್ಬರು, ಹೀಟರ್ ಮುಂದೆ ಹಿಡಿ ಎಂದರು ಇನ್ನೊಬ್ಬರು. ಯಾವುದು ಸರಿ?

ಎರಡೂ ತಪ್ಪು, ಎರಡರಿಂದಲೂ ಬೆರಳು ಹಾಳಾಗುತ್ತದೆ. ಹೆಪ್ಪುಗಟ್ಟಿದ ಚರ್ಮದೊಳಗೆ ಮಂಜಿನ ಹರಳುಗಳಿರುತ್ತವೆ. ಉಜ್ಜಿದರೆ ಅವು ಒಳಗಿನ ಜೀವಕೋಶಗಳನ್ನು ಹರಿಯುತ್ತವೆ. ಹೀಟರಿನ ಮುಂದೆ ಹಿಡಿದರೆ ಸುಡುತ್ತಿದೆ ಎಂದು ಹೇಳಬೇಕಾದ ನರವೇ ಮರಗಟ್ಟಿರುವುದರಿಂದ ಬೊಬ್ಬೆ ಎದ್ದ ಮೇಲಷ್ಟೇ ಗೊತ್ತಾಗುತ್ತದೆ.

ಬರೀ ಬಿಳಚಿಕೊಂಡು, ಒತ್ತಿದರೆ ಮೆತ್ತಗೇ ಇದ್ದರೆ ಒಳಗೆ ಬಂದು ಕಂಕುಳಲ್ಲಿ ಕೈ ಇಟ್ಟುಕೊಂಡರೆ ಸಾಕು. ಜುಮುಗುಡುತ್ತಾ ಬಣ್ಣ ಮರಳುತ್ತದೆ. ಒತ್ತಿದರೆ ಮೇಣದಂತೆ ಗಟ್ಟಿಯಾಗಿದ್ದರೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿಗೆ ತಲುಪಲು ತಡವಾಗುವಂತಿದ್ದರೆ ಮನೆಯಲ್ಲೇ ಬಿಸಿನೀರಿನಲ್ಲಿ ಕರಗಿಸಬಹುದು. ಉಂಗುರ, ಗಡಿಯಾರ ಮೊದಲು ತೆಗೆಯಿರಿ, ಬೆರಳು ಊದಿಕೊಳ್ಳುತ್ತದೆ. ದೊಡ್ಡ ಬೋಗುಣಿಯಲ್ಲಿ 37ರಿಂದ 39 ಡಿಗ್ರಿಯ ನೀರು ತೆಗೆದುಕೊಳ್ಳಿ. ಥರ್ಮಾಮೀಟರ್ ಇಲ್ಲದಿದ್ದರೆ ಆರೋಗ್ಯವಾಗಿರುವ ಇನ್ನೊಬ್ಬರು ಮೊಣಕೈ ಅದ್ದಿ ನೋಡಲಿ, ಕೂಸಿಗೆ ಎರೆಯುವ ನೀರಿನಷ್ಟು ಬೆಚ್ಚಗಿರಬೇಕು. ಬೆರಳುಗಳು ಪಾತ್ರೆಯ ಅಂಚಿಗೆ ತಾಗದಂತೆ ಸುಮಾರು ಅರ್ಧ ಗಂಟೆ ಮುಳುಗಿಸಿಡಿ. ಹೆಪ್ಪುಗಟ್ಟಿದ ಕೈ ನೀರನ್ನು ಬೇಗ ತಣಿಸುತ್ತದೆ. ಆಗ ಕೈಯನ್ನು ಹೊರತೆಗೆದು, ಬಿಸಿನೀರು ಬೆರೆಸಿ, ಮತ್ತೆ ಪರೀಕ್ಷಿಸಿ ಇಳಿಸಿ. ಚರ್ಮ ಕೆಂಪಾಗಿ ಮೆತ್ತಗಾಗುವವರೆಗೆ ಹೀಗೆಯೇ ಮುಂದುವರಿಸಿ. ನೋವು ವಿಪರೀತ ಇರುತ್ತದೆ, ಅದು ರಕ್ತ ಮರಳುತ್ತಿರುವುದರ ಗುರುತು. ನಂತರ ಬೆರಳುಗಳ ನಡುವೆ ಒಣ ಬಟ್ಟೆ ಇಟ್ಟು ಸಡಿಲವಾಗಿ ಸುತ್ತಿ. ಬೊಬ್ಬೆ ಒಡೆಯಬೇಡಿ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಬೇಡಿ. ಮತ್ತೆ ಚಳಿಯಲ್ಲಿ ಹೋಗಬೇಕಾದ ಸಂದರ್ಭವಿದ್ದರೆ ಕರಗಿಸಲೇಬೇಡಿ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳಿಗೆ ಆಗುವ ಹಾನಿ ಮೊದಲಿನದಕ್ಕಿಂತ ಹೆಚ್ಚು. ಆಸ್ಪತ್ರೆಗೆ ‘ನಾಳೆ ನೋಡೋಣ’ ಎನ್ನುವುದೂ ಸಲ್ಲದು: ರಕ್ತನಾಳದ ಹೆಪ್ಪು ಕರಗಿಸುವ ಔಷಧ ಕೊಡಬೇಕಾಗಿ ಬಂದರೆ ಬೆರಳು ಕರಗಿದ 24 ಗಂಟೆಯೊಳಗೆ ಕೊಡಬೇಕು.

ಬೆರಳಿಗಿಂತ ದೊಡ್ಡ ಅಪಾಯ ಇಡೀ ಮೈ ತಣ್ಣಗಾಗುವುದು. ಒಳಮೈಯ ತಾಪ 35 ಡಿಗ್ರಿಗಿಂತ ಇಳಿದರೆ ಹೈಪೋಥರ್ಮಿಯಾ. ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಅಂಗಿಯ ಗುಂಡಿ ಹಾಕಲು ಬರುವುದಿಲ್ಲ, ಸುಮ್ಮಸುಮ್ಮನೆ ಸಿಡುಕು. ಜೋರಾಗಿ ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿದರೆ ಸುಧಾರಿಸಿದರು ಎಂದುಕೊಳ್ಳಬೇಡಿ, ದೇಹ ಸೋಲುತ್ತಿದೆ. ಕೂಡಲೇ ಆಂಬುಲೆನ್ಸ್ ಕರೆಯಿರಿ. ಮಲಗಿಸಿ, ಒದ್ದೆ ಬಟ್ಟೆ ಬಿಚ್ಚಿ, ಕಂಬಳಿ ಹೊದಿಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಗಳನ್ನು ಎದೆ ಮತ್ತು ಕಂಕುಳ ಬಳಿ ಇಡಿ. ಕೈಕಾಲು ತಿಕ್ಕಬೇಡಿ, ಅಲುಗಾಡಿಸಬೇಡಿ. ತಣ್ಣಗಾದ ಹೃದಯ ಲಯ ತಪ್ಪಬಹುದು. ಪೂರ್ತಿ ಎಚ್ಚರವಿದ್ದು ನುಂಗಲು ಬರುತ್ತಿದ್ದರೆ ಮಾತ್ರ ಬಿಸಿಯಾದ ಸಿಹಿ ಪಾನೀಯ ಕೊಡಿ. ಮದ್ಯ ಬೇಡವೇ ಬೇಡ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬೆಚ್ಚಗಾದಂತೆ ಅನ್ನಿಸುವುದು ಒಳಗಿನ ಶಾಖ ಹೊರಗೆ ಹೋಗುತ್ತಿರುವುದರಿಂದ.

ಪ್ರಶ್ನೆ: ಕರೆಂಟು ಹೋದ ರಾತ್ರಿ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಳ್ಳಬಹುದೇ? ಹೊಗೆ ಪೂರ್ತಿ ಹೋಗಿ ಕೆಂಡ ಕೆಂಪಾದ ಮೇಲೆ ಒಳಗೆ ತಂದರೆ ತೊಂದರೆಯಿಲ್ಲ ಎನ್ನುತ್ತಾರೆ.

ಖಂಡಿತ ಬೇಡ. ಈ ನಂಬಿಕೆಯಿಂದ ಪ್ರಾಣಗಳು ಹೋಗಿವೆ. ಹೊಗೆಯಿಲ್ಲದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಧಾರಾಳವಾಗಿ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಕಿಟಕಿ ಒಂದಿಷ್ಟು ತೆರೆದಿಟ್ಟರೂ ನಂಬುವಂತಿಲ್ಲ. ಜನರೇಟರ್ ಇದ್ದರೆ ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆ ಕಿಟಕಿಯ ಕಡೆ ಬರದಂತೆ ಇಡಿ. ಗ್ಯಾಸ್ ಹೀಟರ್, ಬಾಯ್ಲರ್‌ನ ಹೊಗೆ ಕೊಳವೆಯ ಬಾಯಿಗೆ ಹಿಮ ಮುಚ್ಚಿದೆಯೇ ಎಂದು ಪ್ರತಿ ಸಲ ಹಿಮ ಸುರಿದಾಗಲೂ ನೋಡಿ.

ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು, ವಾಕರಿಕೆ ಬಂದು, ಜ್ವರ ಮಾತ್ರ ಇಲ್ಲದಿದ್ದರೆ, ಹೊರಗೆ ಹೋದಾಗ ಕಡಿಮೆಯಾದರೆ, ಅದು ಇದೇ ವಿಷ. ಎಲ್ಲರೂ ಹೊರಗೆ ಬಂದು ಅಲ್ಲಿಂದಲೇ ಸಹಾಯಕ್ಕೆ ಫೋನ್ ಮಾಡಿ. ಮಲಗುವ ಕೋಣೆಯ ಹತ್ತಿರ ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಹಿಮಗಾಲ ಕಳೆಯಲೇಬಾರದು.

ಹಾಗಾದರೆ ಆ ರಾತ್ರಿ ಏನು ಮಾಡುವುದು? ಮನೆಯ ಅತಿ ಚಿಕ್ಕ ಕೋಣೆಯಲ್ಲಿ ಎಲ್ಲರೂ ಸೇರಿ. ಬಾಗಿಲಿನ ಅಡಿಯ ಸಂದಿಗೆ ಟವೆಲ್ ಸುರುಳಿ, ಕಿಟಕಿಗೆ ಕಂಬಳಿ. ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವಾಟ್ ಬಿಸಿ ಹೊರಬಿಡುತ್ತಾನೆ; ನಾಲ್ವರಿದ್ದರೆ ಒಂದು ಸಣ್ಣ ಹೀಟರ್ ಇದ್ದ ಹಾಗೆ. ಮಲಗುವಾಗ ಮೇಲೆ ಹೊದೆಯುವಷ್ಟೇ ಕೆಳಗೂ ಹಾಸಿ, ತಣ್ಣನೆಯ ನೆಲ ಕೆಳಗಿನಿಂದ ಶಾಖ ಎಳೆಯುತ್ತದೆ.

ಪ್ರಶ್ನೆ: ಬೆಳಿಗ್ಗೆ ನಲ್ಲಿ ತಿರುಗಿಸಿದರೆ ನೀರಿಲ್ಲ. ಪೈಪು ಹೆಪ್ಪುಗಟ್ಟಿದೆ. ತಾನಾಗಿ ಕರಗುವವರೆಗೆ ಕಾಯಬಹುದೇ?

ಕಾಯುವುದರಲ್ಲೇ ಅಪಾಯ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಪೈಪು ಒಡೆಯುವುದು ಬಹಳ ಸಲ ಗಡ್ಡೆ ಇರುವ ಜಾಗದಲ್ಲಲ್ಲ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ ಅಲ್ಲಿ ಒಡೆಯುತ್ತದೆ. ಆದ್ದರಿಂದ ಮೊದಲ ಕೆಲಸ ನಲ್ಲಿ ತೆರೆದಿಡುವುದು. ಎರಡನೆಯದು, ಮನೆಯ ಮುಖ್ಯ ವಾಲ್ವ್ ಎಲ್ಲಿದೆ ಎಂದು ತಿಳಿದು, ಬೇಕೆಂದ ಕೂಡಲೇ ಅದನ್ನು ಮುಚ್ಚಲು ಒಬ್ಬರನ್ನು ನಿಲ್ಲಿಸುವುದು. ಪೈಪು ಬಿರಿದಿದ್ದರೂ ಗಡ್ಡೆ ಇರುವತನಕ ಸೋರುವುದಿಲ್ಲ, ಕರಗಿದಾಗಲೇ ನೀರು ಚಿಮ್ಮುತ್ತದೆ.

ಪೈಪನ್ನು ಕೈಯಿಂದ ಸವರುತ್ತಾ ಹೋಗಿ. ಹೆಚ್ಚು ತಣ್ಣಗಿರುವ, ಮೇಲೆ ಬಿಳಿ ಮಂಜು ಕಟ್ಟಿರುವ ಜಾಗ ಸಾಮಾನ್ಯವಾಗಿ ಹೊರಗೋಡೆಗೆ ತಾಗಿರುವ ಭಾಗ. ಕೂದಲು ಒಣಗಿಸುವ ಡ್ರೈಯರಿನಿಂದ ನಲ್ಲಿಯ ಕಡೆಯಿಂದ ಆರಂಭಿಸಿ ಗಡ್ಡೆಯತ್ತ ಬಿಸಿ ಮಾಡುತ್ತಾ ಬನ್ನಿ. ನಡುವಿನಿಂದ ಆರಂಭಿಸಿದರೆ ಕರಗಿದ ನೀರಿಗೆ ಹೊರಹೋಗಲು ದಾರಿ ಇರುವುದಿಲ್ಲ. ಕೆಳಗೆ ನೀರು ನಿಂತಿದ್ದರೆ ಡ್ರೈಯರ್ ಬೇಡ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ. ಬೆಂಕಿಯ ಜ್ವಾಲೆ ಯಾವ ಕಾರಣಕ್ಕೂ ಬೇಡ.

ಮುಂದಿನ ಸಲಕ್ಕೆ: ಹೊರಗೆ ಮೈನಸ್ 7ರ ಹತ್ತಿರ ಇಳಿಯುವ ರಾತ್ರಿ ಹೊರಗೋಡೆಯ ಪಕ್ಕದ ನಲ್ಲಿಯಿಂದ ಸಣ್ಣ ಧಾರೆ ಬಿಟ್ಟಿರಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ವಾರಗಟ್ಟಲೆ ಊರಿಗೆ ಹೋಗುವವರು ಮುಖ್ಯ ವಾಲ್ವ್ ಮುಚ್ಚಿ, ಎಲ್ಲ ನಲ್ಲಿಗಳನ್ನೂ ತೆರೆದು ಪೈಪು ಖಾಲಿ ಮಾಡಿ ಹೋಗಲಿ.

ಪ್ರಶ್ನೆ: ಅಪ್ಪನಿಗೆ 66, ಬಿಪಿ ಇದೆ. ಅಂಗಳದ ಹಿಮ ತಾನೇ ತೆಗೆಯುತ್ತೇನೆ ಎಂದು ಹಟ ಹಿಡಿಯುತ್ತಾರೆ. ಬಿಡಬಹುದೇ?

ಬಿಡಬೇಡಿ. ಹಿಮ ಹಗುರ ಎಂಬುದು ಕಣ್ಣಿನ ಮೋಸ. ಹೊಸದಾಗಿ ಬಿದ್ದ ಪುಡಿಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೋ ತೂಗಿದರೆ ಒದ್ದೆ ಹಿಮ 300 ಕಿಲೋ ದಾಟುತ್ತದೆ. 20 ಲೀಟರ್ ಹಿಡಿಯುವ ಸಲಿಕೆಯಲ್ಲಿ ಒಮ್ಮೆಗೆ 6 ಕಿಲೋ, ನಿಮಿಷಕ್ಕೆ ಹತ್ತು ಸಲ ಎತ್ತಿದರೆ 60 ಕಿಲೋ. ಚಳಿಗೆ ರಕ್ತನಾಳಗಳು ಸಂಕುಚಿಸಿ ಬಿಪಿ ಮೊದಲೇ ಏರಿರುತ್ತದೆ, ಭಾರ ಎತ್ತುವಾಗ ಉಸಿರು ಹಿಡಿದರೆ ಇನ್ನೂ ಏರುತ್ತದೆ.

ನೀವು ಮಾಡುವುದಾದರೂ ಎತ್ತಿ ಎಸೆಯಬೇಡಿ, ತಳ್ಳಿ. ಪೂರ್ತಿ ನಿಲ್ಲಲಿ ಎಂದು ಕಾಯದೆ ನಾಲ್ಕೈದು ಅಂಗುಲಕ್ಕೊಮ್ಮೆ ತೆಗೆಯಿರಿ. ಕೊನೆಯಲ್ಲಿ ಉಳಿಯುವ ತೆಳು ಪದರಕ್ಕೆ ಉಪ್ಪು. ಮಾಮೂಲಿ ಉಪ್ಪು ಮೈನಸ್ 9ರವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕಿಂತ ಚಳಿಯಾದರೆ ನಿಧಾನ. ಆಗ ಕ್ಯಾಲ್ಸಿಯಂ ಕ್ಲೋರೈಡ್ ಬಳಸಿ, ಇಲ್ಲವೇ ಕಾಲಿಗೆ ಹಿಡಿತ ಸಿಗಲೆಂದು ಮರಳು ಎರಚಿ.

ಪ್ರಶ್ನೆ: ಹಿಮಗಾಳಿಗೆ ಸಿಕ್ಕಿ ಕಾರು ರಸ್ತೆಯಲ್ಲೇ ಹೂತುಹೋದರೆ?

ಕಾರು ಬಿಟ್ಟು ನಡೆಯಬೇಡಿ. ಹಿಮಗಾಳಿಯಲ್ಲಿ ಹತ್ತು ಹೆಜ್ಜೆಗೆ ದಿಕ್ಕು ತಪ್ಪುತ್ತದೆ, ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ. ಎಂಜಿನ್ ಹಾಕುವ ಮೊದಲು ಕೆಳಗಿಳಿದು ಸೈಲೆನ್ಸರ್ ಕೊಳವೆಯ ಬಾಯಿಯ ಸುತ್ತ ಹಿಮ ತೆಗೆಯಿರಿ. ಅದು ಮುಚ್ಚಿದ್ದರೆ ಹೊಗೆ ಕಾರಿನೊಳಗೇ ಬರುತ್ತದೆ. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ ಹೀಟರ್ ಹಾಕಿ, ಗಾಳಿ ಬೀಸದ ಕಡೆಯ ಕಿಟಕಿ ಎರಡು ಬೆರಳಗಲ ಇಳಿಸಿರಿ. ಪ್ರತಿ ಸಲ ಓಡಿಸುವ ಮೊದಲೂ ಕೊಳವೆ ನೋಡಲೇಬೇಕು. ಹಿಮಗಾಲದಲ್ಲಿ ಇಂಧನ ಅರ್ಧ ಟ್ಯಾಂಕಿಗಿಂತ ಇಳಿಯದಿರಲಿ ಎನ್ನುವುದು ಇದಕ್ಕೇ. ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ಟಾರ್ಚು, ಒಂದು ಚೀಲ ಮರಳು ಇರಲಿ.

ಪ್ರಶ್ನೆ: ಬಾಯಾರಿದಾಗ ಹಿಮ ತಿನ್ನಬಹುದೇ?

ತಿನ್ನಬೇಡಿ, ಕರಗಿಸಿ ಕುದಿಸಿ ಕುಡಿಯಿರಿ. ಒಂದು ಗ್ರಾಂ ಹಿಮ ಕರಗಲು 80 ಕ್ಯಾಲೊರಿ ಶಾಖ ಬೇಕು, ಅದನ್ನು ನಿಮ್ಮ ಮೈ ಕೊಡಬೇಕಾಗುತ್ತದೆ. ಪಾತ್ರೆಯಲ್ಲಿ ಕರಗಿಸುವಾಗ ತಳಕ್ಕೆ ಮೊದಲು ಒಂದಿಷ್ಟು ನೀರು ಹಾಕಿ, ಇಲ್ಲದಿದ್ದರೆ ತಳ ಸೀಯುತ್ತದೆ.

ಪ್ರಶ್ನೆ: ಎರಡು ವರ್ಷದ ಮಗಳಿಗೆ ದಪ್ಪ ಜಾಕೆಟ್ ಹಾಕಿಯೇ ಕಾರಿನ ಮಕ್ಕಳ ಸೀಟಿನಲ್ಲಿ ಕೂರಿಸಿ ಬೆಲ್ಟ್ ಕಟ್ಟುತ್ತೇನೆ. ಸರಿಯೇ?

ಸರಿಯಲ್ಲ. ಬೆಲ್ಟು ಬಿಗಿಯಾದಂತೆ ಕಾಣುವುದು ಜಾಕೆಟ್ಟಿನೊಳಗಿನ ಗಾಳಿಯ ಮೇಲೆ. ಗುದ್ದಿದ ಕ್ಷಣ ಆ ಗಾಳಿ ಅದುಮಿಹೋಗಿ ಬೆಲ್ಟು ಸಡಿಲವಾಗುತ್ತದೆ, ಮಗು ಜಾರಿ ಹೊರಬರಬಹುದು. ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ: ಜಾಕೆಟ್ ಸಮೇತ ಬೆಲ್ಟ್ ಬಿಗಿದು, ಅಳತೆ ಬದಲಿಸದೆ ಬಿಚ್ಚಿ, ಜಾಕೆಟ್ ತೆಗೆದು ಮತ್ತೆ ಅದೇ ಅಳತೆಗೆ ಹಾಕಿ. ಭುಜದ ಬಳಿ ಎಷ್ಟು ಸಡಿಲವಿದೆ ಎಂದು ಕಣ್ಣಿಗೇ ಕಾಣುತ್ತದೆ. ತೆಳು ಸ್ವೆಟರಿನ ಮೇಲೆ ಬೆಲ್ಟ್ ಕಟ್ಟಿ, ಭುಜದ ಬಳಿ ಪಟ್ಟಿಯನ್ನು ಚಿವುಟಿದರೆ ಮಡಿಕೆ ಸಿಗದಷ್ಟು ಬಿಗಿ ಮಾಡಿ. ಆಮೇಲೆ ಜಾಕೆಟ್ಟನ್ನು ಹಿಂದುಮುಂದಾಗಿ ತೋಳು ಹಾಕಿಸಿ, ಇಲ್ಲವೇ ಕಂಬಳಿ ಹೊದಿಸಿ. ಕಾರು ಬೆಚ್ಚಗಾದ ಮೇಲೆ ತೆಗೆಯುವುದೂ ಸುಲಭ.