ಕಪ್ಪುಕುಳಿಯ ನಡುಕದಲ್ಲಿ ಐನ್‌ಸ್ಟೈನ್‌ಗೆ ಪರೀಕ್ಷೆ

ಪ್ರಶ್ನೆ: ಕಪ್ಪುಕುಳಿಗಳ ಗುರುತ್ವ ಅಲೆಗಳಿಂದ ಐನ್‌ಸ್ಟೈನ್ ಸಿದ್ಧಾಂತವನ್ನು ಹೇಗೆ ಪರೀಕ್ಷಿಸುತ್ತಾರೆ?

ಉತ್ತರ: ಗಂಟೆಯ ನಾದ ಕೇಳಿಯೇ ಅದು ದೊಡ್ಡದೋ ಚಿಕ್ಕದೋ ಹೇಳಬಹುದು, ಅಲ್ವಾ? ಇಲ್ಲೂ ಹಾಗೇ. ಎರಡು ಕಪ್ಪುಕುಳಿಗಳು ಸೇರಿ ಒಂದಾದಾಗ ಹೊಸದು ಕ್ಷಣಕಾಲ ನಡುಗಿ ಸುಮ್ಮನಾಗುತ್ತದೆ. ಆ ನಡುಕ ಗುರುತ್ವ ಅಲೆಗಳಾಗಿ, ಅಂದರೆ ದೇಶ-ಕಾಲದಲ್ಲೇ ಏಳುವ ಅಲೆಗಳಾಗಿ, ನಮ್ಮವರೆಗೂ ಬರುತ್ತದೆ. ಆ ನಡುಕದ ಸ್ವರ ಯಾವುದು, ಎಷ್ಟು ಬೇಗ ಆರುತ್ತದೆ ಎಂಬುದನ್ನು ಅದರ ದ್ರವ್ಯರಾಶಿ ಮತ್ತು ತಿರುಗುವ ವೇಗ ಎರಡೇ ತೀರ್ಮಾನಿಸುತ್ತವೆ ಅನ್ನುತ್ತದೆ ಐನ್‌ಸ್ಟೈನ್‌ರ 1915ರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ. ಹಾಗಾಗಿ ಡಿಕ್ಕಿಗೆ ಮುಂಚಿನ ಅಲೆಯಿಂದ ಹಾಕಿದ ದ್ರವ್ಯರಾಶಿ-ವೇಗದ ಲೆಕ್ಕವೂ ಆಮೇಲಿನ ನಡುಕದಿಂದ ಸಿಕ್ಕ ಲೆಕ್ಕವೂ ತಾಳೆಯಾಗಬೇಕು, ಆಗದಿದ್ದರೆ ಸಿದ್ಧಾಂತದಲ್ಲೇ ಏನೋ ಕೊರತೆ ಇರಬಹುದು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಗುರುತ್ವ ಅಲೆ ಪತ್ತೆ ಕೇಂದ್ರ ಲೈಗೋ ಹಿಡಿದ ಮೊದಲ ಅಲೆಯಲ್ಲಿ ತಾಳೆಯಾಯಿತು. ಆದರೆ ನಡುಕದ ಭಾಗ ತುಂಬಾ ಮಂದವಾಗಿತ್ತು. 2025ರ ಜನವರಿ 14ರ ಅಲೆ ಅದಕ್ಕಿಂತ ಎಷ್ಟೋ ಜಾಸ್ತಿ ಸ್ಪಷ್ಟ, ನನಗಂತೂ ಅದೇ ರೋಮಾಂಚನ. ಅದರಲ್ಲೂ ಐನ್‌ಸ್ಟೈನ್ ಪಾಸ್!