‘ರನ್’ ಅಂದ್ರೆ ಬರೀ ಓಡು ಅಂತಲೇನಾ?

ರನ್ ಅಂದರೆ ಓಡು ಅಂತ ಕಲಿತಿದ್ದೇವೆ, ಹಾಗಾದರೆ ‘ಹೀ ರನ್ಸ್ ಎ ಶಾಪ್’ ಅಂದರೇನು ಅಂತ ಕೇಳಿದ್ದೀರಿ.

ಅಲ್ಲಿ ಅದು ‘ನಡೆಸು’. ಅವನು ಅಂಗಡಿ ನಡೆಸುತ್ತಾನೆ. ಗೊಂದಲ ಆಗೋದು ಸಹಜವೇ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ‘ಸೆಟ್’ ಪದದ್ದು. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನೂ ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ!

ಅಷ್ಟನ್ನೂ ಬಾಯಿಪಾಠ ಮಾಡೋದು ಬೇಡ. ಚಿಂತಾಮಣಿಯಲ್ಲಿ ಮಕ್ಕಳಿಗೆ ಪಾಠ ಹೇಳುವಾಗ ನಾನು ಟೊಮೆಟೊ ತೋಟದ ಬೋರ್‌ವೆಲ್ಲನ್ನೇ ತೋರಿಸುತ್ತೇನೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ಮೋಟಾರ್ ‘ರನ್’ ಆಗುತ್ತೆ. ಪೈಪಿನಲ್ಲಿ ನೀರು ‘ರನ್’ ಆಗುತ್ತೆ. ಪೈಪೇ ಬದುವಿನ ಉದ್ದಕ್ಕೂ ‘ರನ್’ ಆಗುತ್ತೆ, ಅಂದರೆ ಹಾದುಹೋಗಿದೆ. ಮೂರರಲ್ಲೂ ತಡೆಯಿಲ್ಲದೆ ಸಾಗೋದು ಅನ್ನೋ ಎಳೆ ಇದೆ ಅಲ್ವಾ? ಆ ಎಳೆ ಹಿಡಿದರೆ ಮೂಗು ಸೋರೋದು, ಒಗೆದಾಗ ಸೀರೆ ಬಣ್ಣ ಬಿಡೋದು, ಕೋಲಾರಕ್ಕೆ ಬಸ್ ಓಡಾಡೋದು ಎಲ್ಲ ತಾನಾಗಿ ಅರ್ಥವಾಗುತ್ತವೆ.

ನನಗೆ ತುಂಬಾ ಇಷ್ಟವಾದದ್ದು ಚುನಾವಣೆ. ಅಮೆರಿಕದವರು ಚುನಾವಣೆಗೆ ‘ರನ್’ ಮಾಡುತ್ತಾರೆ, ನಾವು ‘ನಿಲ್ಲುತ್ತೇವೆ’. ಬ್ರಿಟನ್ನಿನವರೂ ನಮ್ಮ ಹಾಗೇ ‘ಸ್ಟ್ಯಾಂಡ್’ ಅನ್ನುತ್ತಾರೆ.

‘ರನ್ ಔಟ್ ಆಫ್’ ಮಾತ್ರ ಬೇರೆಯಾಗಿ ಕಲಿಯಿರಿ: ಸಿಲಿಂಡರಿನಲ್ಲಿ ಗ್ಯಾಸ್ ಖಾಲಿಯಾಯ್ತು ಅನ್ನೋ ಥರ.

ನಮ್ಮ ‘ಹೊಡಿ’ಯನ್ನೇ ನೋಡಿ. ಗೋಡೆಗೆ ಬಣ್ಣ ಹೊಡಿ, ಗಿಡಕ್ಕೆ ಔಷಧಿ ಹೊಡಿ, ನಿದ್ದೆ ಹೊಡಿ. ಇಲ್ಲಿ ಯಾರಿಗೂ ಏಟು ಬೀಳಲ್ಲ, ಆದರೂ ಯಾರೂ ತಪ್ಪು ತಿಳಿಯಲ್ಲ.