ಪೇಸ್‌ಮೇಕರ್ ಇದ್ದವರ ಥಾಲಿಯಂ ಸ್ಕ್ಯಾನ್‌ನಲ್ಲಿ ಕಾಣುವ ಕೊರತೆ

ತಂದೆಯವರಿಗೆ ಪೇಸ್‌ಮೇಕರ್ ಹಾಕಿದ ಮೇಲೆ ಥಾಲಿಯಂ ಸ್ಕ್ಯಾನ್‌ನಲ್ಲಿ (ಹೃದಯದ ಸ್ನಾಯುವಿಗೆ ರಕ್ತ ಎಷ್ಟು ತಲುಪುತ್ತಿದೆ ಎಂದು ನೋಡುವ ಪರೀಕ್ಷೆ) ಹೃದಯದ ನಡುಗೋಡೆಗೆ ರಕ್ತ ಕಮ್ಮಿ ಅಂತ ಬಂದಿದೆ, ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇಲ್ಲ, ಇದು ಹೇಗೆ ಎಂದು ಕೇಳಿದ್ದೀರಿ. ಗಾಬರಿಯಾಗಬೇಡಿ, ಎರಡೂ ರಿಪೋರ್ಟ್ ಸರಿಯಿರಬಹುದು.

ಪೇಸ್‌ಮೇಕರ್ ತಂತಿಯ ತುದಿ ಸಾಮಾನ್ಯವಾಗಿ ಬಲ ಹೃತ್ಕುಕ್ಷಿಯಲ್ಲಿ, ಅಂದರೆ ಹೃದಯದ ಬಲಗಡೆಯ ಕೆಳಕೋಣೆಯಲ್ಲಿ ಇರುತ್ತದೆ. ಅಲ್ಲಿಂದ ಹೊರಟ ವಿದ್ಯುತ್ತು ಹೃದಯದ ಸ್ವಂತ ದಾರಿ ಬಿಟ್ಟು ಸ್ನಾಯುವಿನ ಮೂಲಕ ನಿಧಾನವಾಗಿ ಹರಡುತ್ತದೆ. ನಡುಗೋಡೆ ಮೊದಲೇ ಕುಗ್ಗುತ್ತದೆ, ಎಡಬದಿಯ ಗೋಡೆ ತಡವಾಗಿ. ಮೊದಲು ಕುಗ್ಗುವ ಭಾಗ ಎದುರಿಸುವ ಒತ್ತಡ ಕಡಿಮೆ, ಮಾಡುವ ಕೆಲಸವೂ ಕಡಿಮೆ. ಹಾಗಾಗಿ ಅದಕ್ಕೆ ಬೇಕಾಗುವ ರಕ್ತವೂ ಕಡಿಮೆ. ತಡವಾಗಿ ಕುಗ್ಗುವ ಗೋಡೆಯ ಮೇಲೆ ಹೊರೆ ಹೆಚ್ಚು. ಇನ್ನೊಂದು ವಿಷಯ: ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ಹರಿಯುವುದು ಬಹುಪಾಲು ಅದು ಸಡಿಲಗೊಂಡಾಗ. ಬಡಿತ ಜೋರಾದಷ್ಟೂ ಆ ವಿರಾಮ ಮೊಟಕಾಗುತ್ತದೆ. ಟ್ರೆಡ್‌ಮಿಲ್ ಮೇಲೆ ನಡೆಸಿ ತೆಗೆದ ಸ್ಕ್ಯಾನ್‌ನಲ್ಲಿ ಈ ಕೊರತೆ ಎದ್ದು ಕಾಣುವುದು ಹೆಚ್ಚು. ಇಂಥವರಿಗೆ ಓಡಿಸದೆ, ರಕ್ತನಾಳ ಹಿಗ್ಗಿಸುವ ಅಡೆನೊಸಿನ್‌ನಂಥ ಔಷಧಿ ಕೊಟ್ಟು ಮಾಡುವ ಸ್ಕ್ಯಾನ್ ಮೇಲು ಎನ್ನುವುದು ಇದಕ್ಕೇ.

ನಾನಾಗಿದ್ದರೆ ಡಾಕ್ಟರರನ್ನು ಎರಡೇ ಪ್ರಶ್ನೆ ಕೇಳುತ್ತಿದ್ದೆ. ದಿನದ ಬಡಿತಗಳಲ್ಲಿ ಶೇಕಡಾ ಎಷ್ಟನ್ನು ಪೇಸ್‌ಮೇಕರ್ ಕೊಡುತ್ತಿದೆ? ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಪಂಪಿಂಗ್ ಮೊದಲಿಗಿಂತ ಇಳಿದಿದೆಯೇ? ಬಲ ಹೃತ್ಕುಕ್ಷಿಯನ್ನು ಅನಗತ್ಯವಾಗಿ ಪೇಸ್ ಮಾಡಿದರೆ ಕೆಲವರಲ್ಲಿ ಹೃದಯ ದುರ್ಬಲವಾಗುತ್ತದೆ ಎಂಬುದನ್ನು 2002ರ ‘ಡೇವಿಡ್’ (DAVID) ಎಂಬ ಹೆಸರಿನ ಅಧ್ಯಯನ ತೋರಿಸಿತು. ಪಂಪಿಂಗ್ ಇಳಿದಿದ್ದರೆ ಎರಡೂ ಹೃತ್ಕುಕ್ಷಿಗಳನ್ನು ಒಟ್ಟಿಗೆ ಬಡಿಸುವ ಅಥವಾ ಹೃದಯದ ಸ್ವಂತ ವಿದ್ಯುತ್ ದಾರಿಗೇ ತಂತಿ ಕೂಡಿಸುವ ವಿಧಾನಗಳಿವೆ. ಆದರೆ ಎದೆನೋವು, ಏದುಸಿರು ಬಂದರೆ ಸ್ಕ್ಯಾನ್ ಲೆಕ್ಕ ಹಾಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.